ನಿರೇಲಳ ಮಚ್ಚೆ

ಸೆಪ್ಟೆಂಬರ್ ಬಂತೆಂದರೆ ಮೆದೆಯೀನ್ ಊರಿಗೆ ಊರೇ ಗುಟ್ಟಿನ ಗೆಳೆಯರ ಆಟಕ್ಕೆ ಬೀಳುತ್ತದೆ. ಚೀಟಿ ಎತ್ತುವುದು, ಯಾರ ಹೆಸರು ಬಂತೆಂದು ಬಾಯಿ ಬಿಡದೆ ಅವರಿಗೊಂದು ಉಡುಗೊರೆ ಮುಟ್ಟಿಸುವುದು. ಗ್ರಂಥಾಲಯದ ಹಿಂದಿನ ಮಾವಿನ ಮರದಡಿ ಭಾನುವಾರ ಸೇರುವ ನಿರೇಲ್ ಬಳಗದಲ್ಲಿ ಮಾತ್ರ ಮಿಠಾಯಿ ನಡೆಯುವುದಿಲ್ಲ, ಚಿತ್ರವನ್ನೇ ಕೊಡಬೇಕು. ನಿರೇಲ್ ಎಂದರೆ ಅವರಲ್ಲಿ ಬಹುತೇಕರು ಎಳವೆಯಿಂದ ಹುಚ್ಚು ಹಿಡಿಸಿಕೊಂಡ ಕಾರ್ಟೂನ್ ಧಾರಾವಾಹಿಯ ದೋಣಿ ಹುಡುಗಿ.

ಬಳಗದ ಯುರಾನಿ ಬೇಕರಿಯ ಗಲ್ಲಾದ ಹಿಂದೆ ನಿಂತು ತನ್ನ ಗುಟ್ಟಿನ ಗೆಳೆಯರಿಂದ ಬಂದ ಲಕೋಟೆ ಒಡೆದು ಚಿತ್ರ ತೆಗೆದಳು. ಸೀಬೆಹಣ್ಣಿನ ತಿರುಳಿನ ಬಣ್ಣದ ಸಂಜೆ. ನಿರೇಲಳ ಎಡಗಿವಿಯ ಕೆಳಗೊಂದು ಕಂದು ಮಚ್ಚೆ.

ಆ ಬಣ್ಣ ಅವಳ ಬಾಲ್ಯದ ಗೆಳೆಯ ನೆವಾರ್ದೊನದು. ಮಚ್ಚೆ ಅವರಿಬ್ಬರದು. ಹುಡುಗರಾಗಿದ್ದಾಗ ಅವನ ಮನೆಯ ಮಂಚದ ಮೇಲೆ ಕೂತು ನೋಡಿದ ಕಳ್ಳ ಸಿ.ಡಿ.ಯ ದೋಷದಿಂದ ನಿರೇಲಳ ಕಿವಿಯ ಕೆಳಗೆ ಕಲೆಯೊಂದು ಕಾಣುತ್ತಿತ್ತು. ಅದನ್ನೇ ಮಚ್ಚೆಯೆಂದು ನಂಬಿ, ಅವಳು ಗೆರೆ ಎಳೆದು ಅವನು ಬಣ್ಣ ತುಂಬಿ, ಇಬ್ಬರೂ ರಾಶಿ ರಾಶಿ ಬರೆದಿದ್ದರು. ತಪ್ಪೆಂದು ತಿಳಿದಾಗ ಬಳಗ ಬಿದ್ದು ಬಿದ್ದು ನಕ್ಕಿತು. ಆದರೂ ಮಚ್ಚೆ ಮಾತ್ರ ಉಳಿಯಿತು.

ಕಳೆದ ವರ್ಷ ಯಾರೋ ಎ.ಐ. ಯಂತ್ರ ಬರೆದ ಚಿತ್ರಗಳನ್ನು ಬಳಗದ ಮುಂದೆ ಸುರಿದು, "ಇನ್ಮೇಲೆ ನೆವಾರ್ದೊನ ಕಾಲು ಹಿಡಿಯೋದು ತಪ್ಪಿತು ಬಿಡ್ರಪ್ಪ" ಎಂದು ತಮಾಷೆ ಮಾಡಿದ್ದರು. ಅವನೂ ನಕ್ಕ. ಕುಂಚ ತೊಳೆದಿಟ್ಟು ಎದ್ದು ಹೋದವನು ಮತ್ತೆ ಬರಲಿಲ್ಲ. ಅವನಿಲ್ಲದೆ ಯುರಾನಿ ಒಂದು ಗೆರೆಯನ್ನೂ ಎಳೆದಿರಲಿಲ್ಲ. ಅವನು ಬೇಕಿತ್ತು ಅವಳಿಗೆ, ಅಷ್ಟೇ.

ಚಿತ್ರ ಕಳಿಸಿದವನು ಅವನೇ ಎಂದುಕೊಂಡು, ಭಾನುವಾರ ಅವನಿಗಿಷ್ಟವಾದ ಚೀಸಿನ ಬನ್ನು ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಮರದಡಿ ಹೋಗಿ ಕೂತಳು. ಗುಟ್ಟು ಬಿಡುವ ಹೊತ್ತಿಗೆ ಅವಳೆದುರು ಬಂದು ನಿಂತದ್ದು ಎಲ್ಲರೂ ಗೌರವದಿಂದ ದೋನ್ಯಾ ಎನ್ನುವ ಫಾಬಿಯೋಲಾ, ಮೊಮ್ಮಗಳ ಜೊತೆ ನೋಡುತ್ತ ನೋಡುತ್ತ ತಾನೇ ನಿರೇಲಳ ಮೋಹಕ್ಕೆ ಬಿದ್ದ, ಈಚೆಗಷ್ಟೇ ಬಳಗ ಸೇರಿದ ಹೆಂಗಸು.

"ನಂದೇ ಮಗಳೇ. ಕೈ ನಡುಗತ್ತೆ ನೋಡು, ಗೆರೆ ಎಳೆಯೋಕಾಗಲ್ಲ. ನಮ್ಮ ಬಳಗದೋರು ಬರಿಯೋ ಹಾಗೆ ಬರಿ ಅಂತ ಫೋನಿಗೆ ಹೇಳ್ದೆ. ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಈ ಮಚ್ಚೆ ನೀವೇ ಹಾಕ್ಸಿದ್ರಾ?"

"ಮಚ್ಚೆನಾ?" ಫಾಬಿಯೋಲಾ ಹಣೆಯ ಮೇಲಿನ ಕನ್ನಡಕ ಇಳಿಸಿದರು. "ಅಯ್ಯೋ, ನಾನು ನೋಡೇ ಇರ್ಲಿಲ್ವಲ್ಲ."

ಯಂತ್ರಕ್ಕೆ ಹೇಳಿಕೊಟ್ಟವರು ಯಾರು? ಬಳಗದವರೇ. ವರ್ಷಗಟ್ಟಲೆ ಇಂಟರ್ನೆಟ್ಟಿಗೆ ಹಾಕಿದ ಚಿತ್ರಗಳನ್ನೆಲ್ಲ ಅದು ಯಾರನ್ನೂ ಒಂದು ಮಾತು ಕೇಳದೆ ನುಂಗಿ ಕೂತಿತ್ತು. ಒಂದೇ ಮಂಚದ ಮೇಲೆ ಇಬ್ಬರು ಮಕ್ಕಳು ಮಾಡಿದ ತಪ್ಪು ಅದಕ್ಕೆ ಪುಕ್ಕಟೆ ಸಿಕ್ಕಿತ್ತು. ಆದರೆ ನಡುಗುವ ಕೈಯ ಈ ಹೆಂಗಸಿನ ಮೇಲೆ ಸಿಟ್ಟು ಮಾಡುವುದು ಹೇಗೆ? ಯುರಾನಿ ಅವರಿಗೆ ಬನ್ನು ಕೊಟ್ಟಳು.

ಆಮೇಲೆ, ಏನು ಬರೆಯಬೇಕೆಂದು ತೋಚದೆ, ಚಿತ್ರದ ಫೋಟೊ ತೆಗೆದು ಅದನ್ನಷ್ಟೇ ನೆವಾರ್ದೊನಿಗೆ ಕಳಿಸಿದಳು. ತಿಂಗಳುಗಟ್ಟಲೆ ಮೌನವಾಗಿದ್ದವನ ಉತ್ತರ ಕೂಡಲೇ ಬಂತು.

"ನಿನ್ನ ಕೈ ಅಂತ ನೋಡಿದ್ ತಕ್ಷಣ ಗೊತ್ತಾಯ್ತು ಮಾರಾಯ್ತಿ. ನನ್ನ ಬಣ್ಣಾನೂ ಕದ್ದೆಯಲ್ಲ. ಮುಂದಿನ್ ವಾರ ಬರ್ಲಾ?"

ಹೂಂ ಎಂದರೆ ಸಾಕು, ಅವನು ಬರುತ್ತಿದ್ದ. ಅವಳ ಹೆಬ್ಬೆರಳು ಆ ಅಕ್ಷರದ ಮೇಲೆಯೇ ನಿಂತಿತ್ತು. ಸುಳ್ಳು ಹೇಳಲು ಅಷ್ಟು ಆಸೆ ಅವಳಿಗೆ ಎಂದೂ ಆಗಿರಲಿಲ್ಲ.

"ನಂದಲ್ಲ ಕಣೋ," ಎಂದು ಬರೆದಳು. "ನಿಂದು ಅಂದ್ಕೊಂಡಿದ್ದೆ."

ಅವನು ಓದಿದನೆಂದು ಫೋನು ತೋರಿಸಿತು. ಉತ್ತರ ಬರಲಿಲ್ಲ. ಎಲ್ಲರೂ ಹೊರಡಲು ಎದ್ದರೂ ಬರಲಿಲ್ಲ.

ಯುರಾನಿ ಫಾಬಿಯೋಲಾರ ಹತ್ತಿರ ಒಂದು ಹಾಳೆ, ಪೆನ್ನು ಇಸಕೊಂಡಳು. ಕೈ ಮೊಂಡಾಗಿತ್ತು, ಬರೆದ ನಿರೇಲಳ ದೋಣಿ ಓರೆಯಾಯಿತು. ಕಿವಿಯ ಕೆಳಗೆ ಮಚ್ಚೆಯ ಜಾಗದಲ್ಲಿ ಖಾಲಿ ಸುತ್ತೊಂದನ್ನು ಎಳೆದು, ಫೋಟೊ ತೆಗೆದು ಅವನಿಗೆ ಕಳಿಸಿದಳು. ಬಣ್ಣ ತುಂಬಲಿಲ್ಲ. ಅದು ಎಂದೂ ಅವಳ ಕೆಲಸವಾಗಿರಲಿಲ್ಲ.