ಮಡಿ ಕೋಟು

"ಮುಟ್ಟಬ್ಯಾಡ ಕಣ್ಲಾ ಬೋಳಿಮಗ್ನೆ! ಟೇಪು ಹುಚ್ಚರಂಗನ ಕೈಗೆ ಬಿಸಾಕು. ನೀನು ಅಲ್ಲೇ ನಿಂತ್ಕಂಡು ಅಳ್ತೆ ಬರ್ಕ."

ಕೊಬ್ಬರಿ ಮಂಡಿಯ ಏಕಾಂತಯ್ಯ ಜಗಲಿಯ ಮೇಲೆ ಕೈ ಅಗಲಿಸಿ ನಿಂತಿದ್ದ. ಆಳು ಹುಚ್ಚರಂಗಯ್ಯ ಎಮ್ಮೆಗೆ ಹಗ್ಗ ಸುತ್ತಿದಂತೆ ಟೇಪು ಸುತ್ತಿದ. ಅಂಗಳದಲ್ಲಿ ನಿಂತ ದರ್ಜಿ ದುರ್ಗಯ್ಯನಿಗೆ ನಗು ಬರಲಿಲ್ಲ, ಹೇಸಿಗೆಯಾಯಿತು. ಮೈಸೂರಿನಲ್ಲಿ ಅರಸುಮಕ್ಕಳ ಹೆಗಲು ಮುಟ್ಟಿ ಅಳೆದ ಕೈ ಅವನದು. ಅವನು ಗೀಚಿ ಕತ್ತರಿಸಿದ ಕೋಟಿನ ಮಾದರಿಗೆ ರಾಜಮನೆತನದವರು ನಾ ಮುಂದು ತಾ ಮುಂದು ಎಂದು ಬರುತ್ತಿದ್ದರು. ಸರ್ಕಾರ ಅರಸರಿಗೆ ಕೊಡುತ್ತಿದ್ದ ರಾಜಧನ ನಿಲ್ಲಿಸಿತು, ಆ ಹೊಲಿಗೆಯೂ ನಿಂತಿತು. ಮಿಷನ್ನು ಹೊತ್ತು ತುರುವೇಕೆರೆ ಕಡೆಯ ತನ್ನ ಕೇರಿಗೆ ಬಂದರೆ, ಅದನ್ನಿಡಲು ಪೇಟೆಯಲ್ಲಿ ಒಬ್ಬನೂ ಒಂದು ಮೂಲೆ ಕೊಡಲಿಲ್ಲ.

"ಮಗ್ಳ ಮದ್ವೇಲಿ ನಾನು ಮಾರಾಜ್ನಂಗೆ ಕಾಣ್ಬೇಕು. ಕೋಟು ಚೆಂದಾಗಿ ಬಂದ್ರೆ ನನ್ ಮಳಿಗೆ ನಿಂಗೇ ಬಾಡ್ಗೆಗೆ ಕಣ್ಲಾ," ಎಂದ ಏಕಾಂತಯ್ಯ.

ಆ ಮಳಿಗೆಯ ಆಸೆಗೆ ದುರ್ಗಯ್ಯ ಜೀವ ತೇಯ್ದು ಹೊಲಿದ. ಕೆನೆಬಣ್ಣದ ರೇಷ್ಮೆ. ಆ ಡೊಳ್ಳುಹೊಟ್ಟೆಯೂ ಮರೆಯಾಗುವಂಥ ಕಟಿಂಗು.

ಮದುವೆಯ ಬೆಳಿಗ್ಗೆ ಕೋಟು ತಂದು ಜಗಲಿಯ ತುದಿಗಿಟ್ಟ. ಏಕಾಂತಯ್ಯನ ಹೆಂಡತಿ ಸುವರ್ಣಮ್ಮ ಚೊಂಬಿನಲ್ಲಿ ಗಂಜಲ ತಂದು, ಮಾವಿನೆಲೆ ಅದ್ದಿ ಅದರ ಮೇಲೆ ಚಿಮುಕಿಸಿದಳು.

"ಕೇರಿಯೋನು ಮುಟ್ಟಿದ್ದು. ಮಡಿ ಮಾಡ್ದೆ ಹೆಂಗ್ ಹಾಕ್ಕಂತೀರಿ?"

ರೇಷ್ಮೆಯ ಎದೆಯ ಮೇಲೆ ಹಳದಿ ಕಲೆ ಹರಡಿತು. ಗಂಜಲದ ನಾತ ಬೇರೆ.

"ಥೂ ಹಲ್ಕಾ ನನ್ಮಗ್ನೆ, ಎಂಥಾ ಬಟ್ಟೆ ಕೆಡಿಸ್ಬುಟ್ಟೆ!" ಏಕಾಂತಯ್ಯ ದುರ್ಗಯ್ಯನ ಮೇಲೆ ಹರಿಹಾಯ್ದ.

"ನಾನೆಲ್ಲಿ ಕೆಡಿಸ್ದೆ ಸ್ವಾಮಿ? ಅಮ್ಮಾರು..."

"ನೀನ್ ಮುಟ್ಟಿದ್ಕಲ್ವೇನ್ಲಾ ಅವ್ಳು ಚಿಮುಕ್ಸಿದ್ದು? ಕಲೆ ಆಗಿರೋ ತುಂಡು ಬಿಚ್ಚು, ಉಳಿದಿರೋ ಬಟ್ಟೇಲಿ ಬ್ಯಾರೆ ಹಾಕು. ಬೀಗ್ರು ಬರೋ ಹೊತ್ಗೆ ಆಗ್ಬೇಕು. ಇಲ್ದಿದ್ರೆ ಮಳಿಗೆ ಮರ್ತ್ಬುಡು. ಹೋಗು, ಕೊಟ್ಗೆ ತಾವ ಕೂತ್ಕ!"

ದುರ್ಗಯ್ಯ ಸಗಣಿಯ ಪಕ್ಕ ಕೂತು ಬ್ಲೇಡು ತೆಗೆದ. ಎದೆಯ ತುಂಡು ಬಿಚ್ಚಿದ. ಮಳಿಗೆಯ ಬಾಗಿಲು ಕಣ್ಣ ಮುಂದೆ ಬಂತು, ಹೋಯಿತು. ಕೈ ನಿಲ್ಲಲಿಲ್ಲ. ತೋಳು ಬಿಚ್ಚಿದ, ಕೊರಳಪಟ್ಟಿ ಬಿಚ್ಚಿದ, ಗುಂಡಿಗಳನ್ನೂ ಕಿತ್ತ. ಎಳೆದ ದಾರವನ್ನೆಲ್ಲ ಉಂಡೆ ಕಟ್ಟಿ ಜೇಬಿಗೆ ತುರುಕಿಕೊಂಡ.

ಓಲಗ ಮೊಳಗಿತು, ಬೀಗರು ಬಂದಿಳಿದರು. ದುರ್ಗಯ್ಯ ಎಲ್ಲರೆದುರು ಮೆಟ್ಟಿಲು ಹತ್ತಿ ಜಗಲಿಗೇ ಬಂದು, ಬನಿಯನ್ನಿನಲ್ಲಿ ಕಾಯುತ್ತಿದ್ದ ಏಕಾಂತಯ್ಯನ ಕೈಗೆ ತುಂಡುಗಳನ್ನು ತುಂಬಿದ.

"ಏನ್ಲಾ ಇದು?"

"ಬಟ್ಟೆ ನಿಮ್ದು, ಇಟ್ಕಳಿ. ನಾನು ಹಾಕಿದ್ ಹೊಲ್ಗೇನೆಲ್ಲಾ ಕಿತ್ಕಂಡಿವ್ನಿ. ಈಗ ಮಡಿ ಆಯ್ತು, ಹಾಕ್ಕಳಿ."