ಗುದ್ದಲಿ ಬಿಡದ ವೀರ

ಪ್ರತಿ ರವಿವಾರ ಬೆಟಗೇರಿಯ ದೇವಪ್ಪ ಮಾಸ್ತರರ ಪಡಸಾಲೆಯಲ್ಲಿ ಅವರ ಮೊಮ್ಮಗಳು ಸೀಮಾ, ಗೆಳತಿ ಶಾಹಿಸ್ತಾಳೊಡನೆ ವೀರರ ಆಟ ಹೂಡುತ್ತಿದ್ದಳು. ಒಬ್ಬರು ಮಾಯಾಲೋಕದ ಕತೆ ನಡೆಸಬೇಕು, ಇನ್ನೊಬ್ಬರು ಅದರೊಳಗಿನ ವೀರರಾಗಬೇಕು. ಏಟು ಬಿತ್ತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಈ ವಾರದ ವೀರನನ್ನು ತಾವೇ ಬರೆದುಕೊಡುವುದಾಗಿ ಮಾಸ್ತರರು ದುಂಬಾಲು ಬಿದ್ದಿದ್ದರು. ಅವರದು ಒಂದೇ ಕವನ ಸಂಕಲನ, ಅದನ್ನು ಪೂರ್ತಿ ಓದಿದ್ದು ಗೆದ್ದಲು ಮಾತ್ರ. ಗದಗ ಜಿಲ್ಲೆಯಾದ ವರ್ಷ ಕವಿಗೋಷ್ಠಿಗೆ ಕರೆ ಬಂದೀತೆಂದು ಇಸ್ತ್ರಿ ಮಾಡಿಸಿದ ಜುಬ್ಬಾದ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಈ ಹುಡುಗಿಯರೂ ಒಲ್ಲೆವೆಂದರೆ ಲೇಖನಿಯನ್ನೇ ಕೆಳಗಿಡುವುದೆಂದು ಒಳಗೊಳಗೇ ನಿಶ್ಚಯಿಸಿದ್ದರು.

ಗಂಟಲು ಸರಿಮಾಡಿಕೊಂಡು ಓದಿದರು. ವೀರನ ಹೆಗಲ ಮೇಲೆ ಚಂದ್ರನ ಗುರುತು. ಹುಟ್ಟಿದಾಗ ಸಿಡಿಲು. ಅವನ ಬರವನ್ನು ಕಾಯುತ್ತ ಒಂದು ಕಲ್ಲು ಮುನ್ನೂರು ವರ್ಷ ಮೌನವಾಗಿತ್ತು.

"ಕಲ್ಲು ಸುಮ್ನಿರದ ಮತ್ತೇನ್ ಮಾಡ್ತೈತ್ರಿ, ಅಜ್ಜಾರ?" ಎಂದಳು ಶಾಹಿಸ್ತಾ.

"ಅಂವ ಆಯ್ಕೆಯಾದಾಂವ, ತಂಗೀ."

"ಯಾರು ಆರಿಸಿದ್ರು?"

ಮಾಸ್ತರರು ಈ ಪ್ರಶ್ನೆಗೇ ಕಾದಿದ್ದರು; ತಮ್ಮದೇ ಕತೆ ಹೇಳತೊಡಗಿದರು. ಆಗ ಅವರಿಗೆ ಹತ್ತು ವರ್ಷ. ಹಿರೇಹಂದಿಗೋಳದಲ್ಲಿ ಮೊಹರಮ್ಮಿನ ಬೆಂಕಿಗಾಗಿ ಅಲಾಯಿ ಕುಣಿ ತೋಡಲು, ಮೊದಲ ಗುದ್ದಲಿ ಹಾಕುವುದನ್ನು ನೋಡಲು ಊರೇ ನೆರೆದಿತ್ತು. ಮಸೂತಿಯ ಹಿರಿಯ ರಹಮಾನಸಾಬರು ಅಷ್ಟು ಮಂದಿಯಲ್ಲಿ ಇವರತ್ತಲೇ ಕೈ ತೋರಿದರು. ಆ ಬೆರಳಿನ ನೆರಳಲ್ಲೇ ಅರವತ್ತು ವರ್ಷ ಅವರು ಕವಿಯಾಗಿ ಬಾಳಿದ್ದರು.

ಮೂಲೆಯಲ್ಲಿ ಅಡಕಿ ಕುಟ್ಟುತ್ತಿದ್ದ ಶಾಹಿಸ್ತಾಳ ಅಜ್ಜಿ ಅಮೀನಬಿ, ಆ ರಹಮಾನಸಾಬರ ಮಗಳೇ, ಗೊಳ್ಳೆಂದು ನಕ್ಕರು.

"ಏ ದೇವಪ್ಪಾ, ನೀ ನಿಂತಿದ್ದು ಕುಣಿ ತೋಡೂ ಜಾಗಾದ ಮ್ಯಾಲ! ಬಾಜೂ ಹೋಗು ಅಂತ ನಮ್ಮ ಅಬ್ಬಾ ಕೈ ಮಾಡಿದ್ದು. ನೀ ನೋಡಿದ್ರ ಓಡಿಬಂದು ಗುದ್ದಲೀನ ಹಿಡದಿ!"

"ಅಮೀನಕ್ಕಾ... ಖರೇನ?"

"ಖರೆ. ನಾಕು ಮಂದಿ ಬಿಡಸಾಕ ಬಂದ್ರೂ ಬಿಡಲಿಲ್ಲ. ಅಂಗೈ ಬೊಬ್ಬಿ ಎದ್ದು ಒಡದ್ವು, ಆದ್ರೂ ಮುಗಿಯೂತನಕ ತೋಡಿದಿ. 'ಇರ್ಲಿ ಬಿಡ್ರಿ, ಅಳ್ತಾನ' ಅಂದ್ರು ಅಬ್ಬಾ."

ಮಾಸ್ತರರು ಹಾಳೆ ಮಡಚಿ ಎದ್ದರು. ಶಾಹಿಸ್ತಾ ಅದನ್ನು ಕಸಿದುಕೊಂಡು ಸಿಡಿಲನ್ನೂ ಕಲ್ಲನ್ನೂ ಗೀಚಿಹಾಕಿ, 'ಆಯುಧ: ಗುದ್ದಲಿ' ಎಂದು ಬರೆದಳು.

"ಇಂಥಾ ವೀರನ ಬೇಕಾಗಿದ್ದ ನಮಗ. ಕರೀದ ಬಂದಾಂವ, ಬಂದು ಬಿಡದಾಂವ."

"ಹೆಗಲ ಮ್ಯಾಲಿನ ಚಂದ್ರನಾದ್ರೂ ಇರ್ಲೆವಾ."

"ಬ್ಯಾಡ್ರಿ. ದಾಳ ಒಗೀರಿ."

ದಾಳ ಉರುಳಿ, ಎಲ್ಲಕ್ಕಿಂತ ಕೆಟ್ಟ ಅಂಕೆಯಾದ ಒಂದಕ್ಕೆ ನಿಂತಿತು. ವೀರನು ತಾನು ತೋಡಿದ ಕುಣಿಗೆ ತಾನೇ ಬಿದ್ದನೆಂದು, ಕತೆ ನಡೆಸುತ್ತಿದ್ದ ಸೀಮಾ ಸಾರಿದಳು. ಮಾಸ್ತರರು ದಾಳವನ್ನು ಮುಷ್ಟಿಯಲ್ಲಿ ಅಡಗಿಸಿದರು.

"ಇನ್ನೊಮ್ಮೆ."

"ಸರತಿ ನಂದ್ರಿ, ಅಜ್ಜಾರ!" ಶಾಹಿಸ್ತಾ ಅವರ ಬೆರಳು ಬಿಡಿಸಹೋದಳು.

"ಸುಮ್ನ ಕುಂಡ್ರವಾ," ಎಂದರು ಅಮೀನಬಿ, ಎಲೆಗೆ ಸುಣ್ಣ ಸವರುತ್ತ. "ಊರ ಮಂದಿ ಕೈಲೆ ಆಗಿಲ್ಲ."