ಇನ್ನೂರೈವತ್ತನೆಯ ಹೆಸರು

ವಿಸ್ಲಿಂಗ್ ಹೆರನ್ ಬಡಾವಣೆಯಲ್ಲಿ ದನಕ್ಕಿರುವ ಬೆಲೆ ಮನುಷ್ಯನಿಗಿಲ್ಲ ಎಂದು ಅರ್ಲೀನ್ ಕೋವಾಲ್ ಮೊದಲ ಸಲ ಹೇಳಿದಾಗ ಜನ ನಕ್ಕಿದ್ದರು. ನಗುವ ಮಾತೇನೂ ಆಗಿರಲಿಲ್ಲ ಅದು. ಫ್ಲಾರಿಡಾದ ಇಂಥ ಎಷ್ಟೋ ಬಡಾವಣೆಗಳ ಹಾಗೆ ಇಲ್ಲಿಯೂ ರಸ್ತೆ, ಕೊಳ, ಚರಂಡಿ, ಗೇಟು ಎಲ್ಲವೂ ‘ಡಿಸ್ಟ್ರಿಕ್ಟ್’ ಎಂಬ ಪುಟ್ಟ ಸರ್ಕಾರದ ಸೊತ್ತು. ಅದನ್ನು ಆಳುವುದು ಐದು ಜನರ ಬೋರ್ಡು. ಆ ಐವರನ್ನು ಆರಿಸುವುದು ಜನರಲ್ಲ, ನೆಲ. ಎಕರೆಗೊಂದು ಮತ, ಎಕರೆಗಿಂತ ಸಣ್ಣ ತುಂಡಿಗೂ ಒಂದು. ಮನೆ ಕಟ್ಟಿಕೊಂಡವರಿಗೆ ಸೈಟಿಗೊಂದರಂತೆ ನೂರ ತೊಂಬತ್ತು ಮತ. ಬಿಲ್ಡರ್ ಇನ್ನೂ ಮಾರದೆ ಇಟ್ಟುಕೊಂಡ ಕುರುಚಲು ಕಾಡಿಗೆ ಮುನ್ನೂರ ಹತ್ತು. ಮೇವಿನ ನೆಲವೆಂದು ತೋರಿಸಿ ತೆರಿಗೆ ಉಳಿಸಲು ಅವನು ಆ ಕಾಡಿನಲ್ಲಿ ಎಂಟು ಹಸು ಬಿಟ್ಟಿದ್ದ. ಹಸು ಸಗಣಿ ಹಾಕುವ ಜಾಗಕ್ಕೆ ಮತವಿತ್ತು. ಬೋರ್ಡಿನ ಐವರೂ ಬಿಲ್ಡರ್‌ನ ಜನರೇ.

ಫೆಬ್ರವರಿಯ ಸಭೆಯಲ್ಲಿ ಅಧ್ಯಕ್ಷ ಡ್ವೈಟ್ ಹ್ಯಾಂಕಾಕ್ ನಾಲಗೆಗೆ ಜೇನು ಸವರಿಕೊಂಡು ಒಂದು ಸುದ್ದಿ ಹೇಳಿದ. ಆತ ಬಡಾವಣೆಯಲ್ಲಿ ಒಂದು ರಾತ್ರಿಯೂ ಮಲಗಿದವನಲ್ಲ, ನಲವತ್ತು ಮೈಲಿ ಆಚೆಯಿಂದ ಕಾರಿನಲ್ಲಿ ಬಂದು ಹೋಗುವವನು. ಕೊಳದ ಸುತ್ತಲಿನ ಕಾಲುದಾರಿಯನ್ನು ಮುಚ್ಚಿ, ಅದರುದ್ದಕ್ಕೂ ಇರುವ ಕೈಹಿಡಿಯ ಕಂಬಿ ಕಿತ್ತು, ಹುಲ್ಲು ಹಾಸಲಾಗುವುದು. ಕೊಳದಂಚಿಗೆ ಬರಲಿರುವ ಹೊಸ ಮನೆಗಳವರಿಗೆ ಹಿತ್ತಿಲಲ್ಲಿ ಯಾರೋ ಓಡಾಡಿದರೆ ಹಿಡಿಸುವುದಿಲ್ಲವಂತೆ.

ಅರ್ಲೀನ್ ಎದ್ದು ನಿಂತಳು. ಉತ್ತರದ ಟೊಲೀಡೊ ನಗರದಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು, ಎಪ್ಪತ್ತೊಂದರಲ್ಲೂ ಆ ಗಂಟಲು ಇಳಿದಿರಲಿಲ್ಲ. ಡಿಸ್ಟ್ರಿಕ್ಟಿನ ಮ್ಯಾನೇಜರು ಗಡಿಯಾರ ಒತ್ತಿದ. ಮಾತಾಡಲು ಯಾರಿಗಾದರೂ ಮೂರೇ ನಿಮಿಷ.

“ನನ್ನ ಗಂಡ ಬರ್ನಿಗೆ ಪಾರ್ಶ್ವವಾಯು ಹೊಡೆದು ನಾಲ್ಕು ವರ್ಷ ಆಯ್ತು. ಬಲಗೈ ಹೋಯ್ತು, ಮಾತು ಹೋಯ್ತು. ದಿನಾ ಬೆಳಿಗ್ಗೆ ಎಡಗೈಲಿ ಆ ಕಂಬಿ ಹಿಡ್ಕೊಂಡು ಕೊಳ ಒಂದು ಸುತ್ತು ಹಾಕಿ ಬರ್ತಾರೆ. ಒಬ್ರೇ! ಆಮೇಲೆ ಇಡೀ ದಿನ ನನ್ನ ಕೈ ಬೇಕು ಅವ್ರಿಗೆ, ಷರ್ಟಿನ ಗುಂಡಿಗೂ ಬೇಕು. ಆ ಒಂದು ಸುತ್ತು ಮಾತ್ರ ಅವ್ರದ್ದು. ಅದನ್ನೂ ಕಿತ್ಕೋತೀರಾ?”

“ಪಾಪ, ಬೇಜಾರಾಗುತ್ತೆ ಮೇಡಂ,” ಎಂದ ಡ್ವೈಟ್, ಬೇಜಾರಿನ ಸುಳಿವೂ ಇಲ್ಲದೆ. “ಆದ್ರೆ ಬೋರ್ಡಿನ ತೀರ್ಮಾನ.”

“ಯಾರ ಬೋರ್ಡ್ರೀ? ನಿಮ್ಮನ್ನ ಆರಿಸಿದ್ದು ದನಗಳು!”

ಸಭೆಯಲ್ಲಿ ಚಪ್ಪಾಳೆ ಬಿತ್ತು. ಡ್ವೈಟ್‌ನ ಕಿವಿ ಕೆಂಪಾಯಿತು, ಬಾಯಿ ಜಾರಿತು. “ಹಾಗಾದ್ರೆ ಇನ್ನೂರೈವತ್ತು ಜನ ತಂದು ತೋರ್ಸಿ ನೋಡೋಣ! ತಂದ್ರೆ ಚುನಾವಣೆ ಮುಗಿಯೋ ತನಕ ಆ ದಾರಿ ತಂಟೆಗೇ ಬರಲ್ಲ ನಾವು. ಬರ್ಕೊಳ್ರೀ ಅದನ್ನ.” ಮ್ಯಾನೇಜರು ನಡಾವಳಿಯಲ್ಲಿ ಬರೆದುಕೊಂಡ.

ಲೆಕ್ಕ ಇಷ್ಟೇ. ಡಿಸ್ಟ್ರಿಕ್ಟ್ ಹುಟ್ಟಿ ಆರು ವರ್ಷ ಕಳೆದಿರಬೇಕು. ಅಲ್ಲೇ ವಾಸವಿದ್ದು ಅಲ್ಲೇ ಹೆಸರು ಬರೆಸಿದ ಮತದಾರರು ಇನ್ನೂರೈವತ್ತಾಗಬೇಕು. ಆಗ ಮುಂದಿನ ಚುನಾವಣೆಯಲ್ಲಿ ತಲೆಗೊಂದು ಮತ, ಎಕರೆಗಳ ಕಾಲ ಮುಗಿದು ಮನುಷ್ಯರ ಕಾಲ ಶುರು. ಪ್ರತಿ ಏಪ್ರಿಲ್ ಹದಿನೈದಕ್ಕೆ ಡಿಸ್ಟ್ರಿಕ್ಟಿಗೂ ಮೇಲಿನ ಆಡಳಿತವಾದ ಕೌಂಟಿಯ ಚುನಾವಣಾ ಕಚೇರಿ ತಲೆ ಎಣಿಸುತ್ತದೆ. ಆರು ವರ್ಷ ಆಗಲೇ ತುಂಬಿತ್ತು. ಬಡಾವಣೆಯಲ್ಲಿ ಜನಕ್ಕೂ ಬರವಿರಲಿಲ್ಲ. ಆದರೆ ಅರ್ಧಕ್ಕರ್ಧ ಮಂದಿ ಚಳಿಗೆ ಹೆದರಿ ಬಂದವರು. ಮೈ ಇಲ್ಲಿ, ಮತ ಉತ್ತರದ ತಮ್ಮ ಹಳೆಯ ಊರುಗಳಲ್ಲಿ.

ಅರ್ಲೀನ್ ಮರುದಿನವೇ ಮತದಾರರ ನೋಂದಣಿ ಫಾರಂಗಳ ಕಟ್ಟು ಹಿಡಿದು ಹೊರಟಳು. ಬಾಗಿಲು ತಟ್ಟಿದಳು, ಗದರಿದಳು, ಕೇಕು ಕೊಟ್ಟಳು, ಬೈದಳು. ತೊಂಬತ್ತೆರಡರ ಓಡೆಟ್ ಟಿಬೊ ಕೈ ನಡುಗಿ ಸಹಿ ಬಾರದೆ ಅತ್ತಾಗ, “ಗೀಟು ಎಳೆದ್ರೂ ಸಾಕಜ್ಜೀ, ಕಚೇರಿಯವ್ರನ್ನೇ ಕೇಳಿದೀನಿ,” ಎಂದು ಪಕ್ಕದಲ್ಲಿ ಕೂತು ಗೀಟು ಹಾಕಿಸಿಕೊಂಡಳು.

ಎದುರುಮನೆಯ ಲಾಯ್ಡ್ ಎಂಗ್‌ಸ್ಟ್ರಾಮ್ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಸಭೆಗಳಲ್ಲಿ ಬೋರ್ಡನ್ನು ಎಲ್ಲರಿಗಿಂತ ಜೋರಾಗಿ ಬೈಯುವವನು ಅವನೇ.

“ನನ್ ಹೆಸರು ಮಿನೆಸೋಟಾದಲ್ಲೇ ಇರ್ಲಿ ಬಿಡು. ಅಲ್ಲಿ ಮೀನು ಹಿಡಿಯೋ ಲೈಸೆನ್ಸು ಊರವ್ರಿಗೆ ಅಗ್ಗ.”

“ಮೀನಿಗೋಸ್ಕರ ನಮ್ಮನ್ನ ಮಾರ್ತೀಯಾ?”

“ನಿನ್ ಗಂಡನ ವಾಕಿಂಗಿಗೆ ನಾನ್ಯಾಕೆ ಊರು ಬಿಡ್ಲಿ?”

“ನಿನ್ನ ಬಾಯಿ ಮಾತ್ರ ಇಲ್ಲಿ ವಾಸ ಇದೆ, ಲಾಯ್ಡ್. ಅದಕ್ಕೊಂದು ಮತ ಇದ್ದಿದ್ರೆ ನಾವು ಯಾವತ್ತೋ ಗೆಲ್ತಿದ್ವಿ.” ಬೀದಿಯ ಜನರೆಲ್ಲ ಕೇಳುವಂತೆ ಹೇಳಿ ಬಂದಳು. ಅಂದಿನಿಂದ ಇಬ್ಬರಿಗೂ ಎಣ್ಣೆ ಸೀಗೇಕಾಯಿ.

ಮಾರ್ಚಿನ ಒಂದು ಬೆಳಿಗ್ಗೆ ಅಡಿಗೆಮನೆಯ ಮೇಜಿನ ಮೇಲೆ ಫಾರಂ ಹರಡಿಕೊಂಡು ಕೂತಿದ್ದಳು. ಬರ್ನಿ ಕೊಳ ಸುತ್ತಿ ಬಂದು ಎದುರಿಗೆ ಕೂತ. ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿ, ಎಡಗೈಯಿಂದ ಒಂದು ಖಾಲಿ ಫಾರಂ ತನ್ನತ್ತ ಎಳೆದುಕೊಂಡ. ಪೆನ್ನಿಗಾಗಿ ಕೈ ಚಾಚಿದ.

“ಅಯ್ಯೋ, ಕಾಫಿ ಚೆಲ್ಲೀರಿ! ಕೊಡಿ ಇಲ್ಲಿ. ಇದೆಲ್ಲ ನಿಮಗಲ್ಲ.” ಫಾರಂ ಕಿತ್ತುಕೊಂಡು ಕಟ್ಟನ್ನೇ ಎತ್ತಿ ಫ್ರಿಜ್ಜಿನ ಮೇಲಿಟ್ಟಳು. ಬರ್ನಿಗೆ ಉಳಿದಿದ್ದ ಮಾತು ಒಂದೇ, ಖುಷಿಗೂ ಸಿಟ್ಟಿಗೂ ಅದೇ. “ಆಯ್ತಾಯ್ತು,” ಎಂದ. ಅವಳು ಆಗಲೇ ಪಕ್ಕದ ಬೀದಿಯ ಪಟ್ಟಿ ನೋಡುತ್ತಿದ್ದಳು.

ಮೇ ತಿಂಗಳ ಸಭೆಗೆ ಕ್ಲಬ್‌ಹೌಸ್ ಕಿಕ್ಕಿರಿದಿತ್ತು. ಬೆಳಗಿನ ಹತ್ತಕ್ಕೇ ಹೊರಗೆ ನೆತ್ತಿ ಸುಡುವ ಬಿಸಿಲು. ಮ್ಯಾನೇಜರು ಕೌಂಟಿಯ ಕಾಗದ ಬಿಡಿಸಿ, ಕನ್ನಡಕ ಸರಿಮಾಡಿಕೊಂಡು ಓದಿದ. “ಏಪ್ರಿಲ್ ಹದಿನೈದಕ್ಕೆ ಡಿಸ್ಟ್ರಿಕ್ಟಿನ ಒಳಗೆ ವಾಸವಿರುವ ನೋಂದಾಯಿತ ಮತದಾರರು, ಇನ್ನೂರ ನಲವತ್ತೊಂಬತ್ತು.”

ಡ್ವೈಟ್ ಕಾಗದವನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ಓದಿದ, ಬಾಯಲ್ಲಿ ಮಿಠಾಯಿ ಇಟ್ಟುಕೊಂಡವನಂತೆ. “ಒಂದು ಕಮ್ಮಿ. ಛೆ! ಮುಂದಿನ ವರ್ಷ ನೋಡೋಣ, ಮೇಡಂ. ದನಗಳೇನೂ ಎಲ್ಲೂ ಹೋಗಲ್ಲ.”

ಅರ್ಲೀನ್‌ಳ ಮೈಯೆಲ್ಲ ಉರಿಯಿತು. ಆದರೆ ಅವಳು ತಿರುಗಿದ್ದು ಡ್ವೈಟ್‌ನತ್ತ ಅಲ್ಲ. ಹಿಂದಿನ ಸಾಲಿನಲ್ಲಿ ಲಾಯ್ಡ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

“ನೋಡ್ರಪ್ಪಾ, ನೋಡಿ! ಒಂದೇ ಒಂದು ಹೆಸ್ರು! ಈ ಮಹಾನುಭಾವನ ಮೀನು ತಿಂದ್ಕೊಂಡು ಹೋಯ್ತು ನಮ್ಮನ್ನ! ನಾಚ್ಕೆ ಆಗಲ್ವೇನೋ?”

ಎಲ್ಲರ ಕಣ್ಣೂ ಲಾಯ್ಡ್‌ನ ಮೇಲೆ ಬಿತ್ತು. ಯಾರೋ “ಥೂ” ಎಂದರು. ಲಾಯ್ಡ್ ನಿಧಾನವಾಗಿ ಎದ್ದು ನೇರ ಮುಂದಿನ ಮೇಜಿಗೆ ಹೋದ. ಕಾಗದದ ಜೊತೆ ಬಂದ ಹೆಸರುಗಳ ಪಟ್ಟಿ ಅಲ್ಲೇ ಇತ್ತು, ಯಾರು ಬೇಕಾದರೂ ನೋಡಬಹುದಾದದ್ದು. ಬೆರಳಿಟ್ಟು ಹಾಳೆ ಮಗುಚಿದ. ಬೆರಳು ಒಂದು ಕಡೆ ನಿಂತಿತು.

“ಕೋವಾಲ್, ಅರ್ಲೀನ್.” ತಲೆ ಎತ್ತಿ ನೋಡಿದ. “ಇದರ ಕೆಳಗೆ ಕ್ರಾಮರ್ ಬರ್ತಾನೆ. ಇನ್ನೊಬ್ಬ ಕೋವಾಲ್ ಎಲ್ಲಮ್ಮಾ?”

ಅರ್ಲೀನ್ ಮುಂದೆ ಬಂದು ಪಟ್ಟಿಯ ಮೇಲೆ ಬಗ್ಗಿದಳು.

“ಊರೆಲ್ಲಾ ಬಾಗ್ಲು ತಟ್ಟಿದ್ಯಲ್ಲ, ನಿನ್ ಮನೆ ಬಾಗ್ಲು ತಟ್ಟೋಕೆ ಮರೆತ್ಯಾ? ದೀಪದ ಬುಡದಲ್ಲೇ ಕತ್ತಲೆ!”

“ಅವ್ರಿಗೆ... ಸಹಿ ಮಾಡೋಕಾಗಲ್ಲ,” ಎಂದಳು ಅರ್ಲೀನ್. ಮೂವತ್ತೊಂದು ವರ್ಷದ ಗಂಟಲು ಪಿಸುಮಾತಾಗಿತ್ತು.

ಮೂರನೆಯ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ಓಡೆಟ್ ಟಿಬೊ ನಡುಗುವ ದನಿಯಲ್ಲಿ ಹೇಳಿದಳು. “ನನ್ನ ಕೈಲಿ ಗೀಟು ಹಾಕಿಸ್ಕೊಂಡ್ಯಲ್ಲೇ, ತಾಯಿ.” ಆಕೆ ಚುಚ್ಚಲೆಂದು ಹೇಳಿದ್ದಲ್ಲ. ಅದಕ್ಕೇ ಅದು ಹೆಚ್ಚು ಆಳಕ್ಕೆ ಇಳಿಯಿತು.

ಡ್ವೈಟ್ ಗಂಟಲು ಸರಿಮಾಡಿಕೊಂಡು ಕಾಲುದಾರಿಯ ವಿಷಯ ಎತ್ತಿಕೊಂಡ. ಐದು ಕೈ ಮೇಲೆದ್ದವು. ಸೋಮವಾರ ಕಂಬಿ ಕೀಳುವವರು ಬರುತ್ತಾರೆ.

ಅರ್ಲೀನ್ ಯಾರ ಮುಖವನ್ನೂ ನೋಡದೆ ಮನೆಗೆ ಬಂದಳು. ಬರ್ನಿ ಅಡಿಗೆಮನೆಯ ಕಿಟಕಿಯ ಬಳಿ, ಕೊಳಕ್ಕೆ ಮುಖಮಾಡಿ ಕೂತಿದ್ದ. ಮುಂದೆ ಕಾಫಿ. ಇವನಿಗೇನು ತಿಳಿಯುತ್ತದೆ ಎಂದು ನಾಲ್ಕು ವರ್ಷ ತಾನೇ ತೀರ್ಮಾನಿಸಿಬಿಟ್ಟಿದ್ದಳು. ಒಬ್ಬರನ್ನೂ ಕೇಳಿರಲಿಲ್ಲ, ಅವನನ್ನಂತೂ ಇಲ್ಲವೇ ಇಲ್ಲ. ಹಸು ಸಗಣಿ ಹಾಕುವ ನೆಲಕ್ಕೂ ಮತವಿದೆ ಎಂದು ಊರಿಡೀ ಕೂಗಾಡಿದವಳು ಪಕ್ಕದಲ್ಲಿ ಮಲಗುವವನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಫ್ರಿಜ್ಜಿನ ಮೇಲಿಂದ ಉಳಿದ ಫಾರಂ ಒಂದನ್ನು ತೆಗೆದು ಅವನ ಮುಂದೆ ಇಟ್ಟಳು. ಪೆನ್ನನ್ನು ಅವನ ಎಡಗೈ ಬಳಿ ಸರಿಸಿದಳು. “ಬರ್ನಿ, ಒಂದು ಗೀಟು ಹಾಕಿ ಸಾಕು. ಮುಂದಿನ ಏಪ್ರಿಲ್‌ಗೆ ಬರುತ್ತೆ. ತಪ್ಪಾಯ್ತು ನಂದು.”

ಬರ್ನಿ ಫಾರಂ ನೋಡಿದ. ಆಮೇಲೆ ಅವಳನ್ನು ನೋಡಿದ. ಆಯ್ತಾಯ್ತು ಎನ್ನಲಿಲ್ಲ. ಎಡಗೈಯಿಂದ ಕಾಫಿ ಲೋಟ ಎತ್ತಿ, ಸಹಿ ಹಾಕುವ ಗೆರೆಯ ಮೇಲೆ ಸರಿಯಾಗಿ ಇಟ್ಟ. ಕಾಗದ ಒದ್ದೆಯಾಗುವವರೆಗೂ ಅದನ್ನು ಅಲ್ಲೇ ಒತ್ತಿ ಹಿಡಿದಿದ್ದ. ಆಮೇಲೆ ಎದ್ದು, ಅವಳು ಚಾಚಿದ ಕೈಯನ್ನು ದೂಡಿ, ಹಿಂಬಾಗಿಲು ತೆರೆದುಕೊಂಡು ಕಂಬಿಯ ಕಡೆ ಹೊರಟ.